ಈ ಸಂಕ್ರಾಂತಿಗೆ ಮಗಳು ಕಬ್ಬು ತಿಂದ್ಳು

ಆಪರೇಷನ್ ಆಗಿ ಆರು ತಿಂಗಳಾಗ್ಲಿ, ಆಮೇಲೆ ಬರೆಯೋಣ ಅಂತ ತಡ್ಕೊಂಡಿದ್ದೆ, ಮೊನ್ನೆಗೆ ಆಯ್ತು.

ಮಗಳಿಗೆ ಹುಟ್ಟಿನಿಂದ ಎಡಗಣ್ಣಿನ ರೆಪ್ಪೆ ಜೋತು ಬಿದ್ದಿತ್ತು. ಅದರಲ್ಲಿ ಬೇರೆ ಏನೋ ಇದೆ ಅಂತ ಮೊದಲು ಕಂಡಿದ್ದು ನಮ್ಮವ್ವ. ಬಾಣಂತನದಲ್ಲಿ ಪಕ್ಕ ಕೂತು "ನೋಡವ್ವ, ಹಾಲು ಚೀಪ್ದಾಗೆಲ್ಲ ಕೂಸು ಆ ಕಣ್ಣು ತೆಗೀತದೆ, ನಿಲ್ಸುದ್ರೆ ಮುಚ್ಕತದೆ" ಅಂದ್ಳು. ಅವ್ವ, ನಿಂಗೆ ಮೊದಲ ಥ್ಯಾಂಕ್ಸ್.

ಊರೋರು ಗ್ರಹಣದಲ್ಲಿ ಹೊರಗೆ ಬಂದಿದ್ಯಾ ಅಂತ ಕೇಳಿ ಕೇಳಿ ನಾನೂ ಅದನ್ನೇ ನಂಬಿಬಿಟ್ಟಿದ್ದೆ. ಮೈಸೂರಿನ ಕಣ್ಣಿನ ಡಾಕ್ಟ್ರು ಮಗೂಗೆ ಚೂಯಿಂಗ್ ಗಮ್ ಕೊಟ್ಟು ಅಗಿಯೋಕೆ ಹೇಳಿ ರೆಪ್ಪೆನೇ ನೋಡ್ತಾ ಕೂತ್ರು. ಮಾರ್ಕಸ್ ಗನ್ ಜಾ ವಿಂಕಿಂಗ್ ಅಂತಾರಂತೆ, ಗನ್ ಅನ್ನೋ ಡಾಕ್ಟ್ರು 1883ರಲ್ಲೇ 15 ವರ್ಷದ ಹುಡುಗಿಲಿ ನೋಡಿ ಹೇಳಿದ್ರಂತೆ. ರೆಪ್ಪೆ ಎತ್ತೋ ಸ್ನಾಯುಗೆ ಮೂರನೇ ನರ ಬರ್ಬೇಕು, ಇವಳಿಗೆ ದವಡೆ ಆಡ್ಸೋ ಐದನೇ ನರದ ಎಳೆ ದಾರಿ ತಪ್ಪಿ ಅಲ್ಲಿಗೂ ಸೇರಿದೆ, ಅದಕ್ಕೇ ಬಾಯಾಡ್ಸಿದ್ರೆ ರೆಪ್ಪೆ ಮೇಲೇಳೋದು. "ನಿಮ್ಮಿಂದ ಏನೂ ತಪ್ಪಾಗಿಲ್ಲಮ್ಮ" ಅಂದ್ರಲ್ಲ ಸರ್, ಆವತ್ತು ಬಸ್ಸಲ್ಲಿ ಶ್ರೀರಂಗಪಟ್ಟಣ ದಾಟೋವರೆಗೂ ಅತ್ತಿದೀನಿ.

ಸ್ಕೂಲಲ್ಲಿ ಊಟಕ್ಕೆ ಕೂತ್ರೆ "ಕಣ್ ಹೊಡೀತಾಳೆ" ಅಂತ ಮಕ್ಕಳು ನಗೋರು. ಇವಳು ಮದುವೆ ಮನೇಲಿ, ನೆಂಟರ ಮನೇಲಿ ಎಲ್ಲಿಗೆ ಹೋದ್ರೂ ಮುದ್ದೆನೇ ಬೇಕು ಅನ್ನೋಳು, ಮಂಡ್ಯದ ಮಗು ಅಲ್ವಾ ಅಂತ ನಾವು ಖುಷಿಪಟ್ವಿ, ಆಮೇಲೆ ಗೊತ್ತಾಯ್ತು ಮುದ್ದೆ ಅಗಿಯೋ ಹಾಗಿಲ್ಲ ನುಂಗೋದು, ಅದಕ್ಕೆ ಅಂತ. ಆ ರಾತ್ರಿ ನಾನು ಊಟ ಮಾಡ್ಲಿಲ್ಲ.

ಎರಡನೇ ಕ್ಲಾಸ್ ಮಿಸ್, ನಿಮಗೆ ಹೇಗೆ ಹೇಳ್ಲಿ. ಆ ಕಣ್ಣಿನ ದೃಷ್ಟಿ ಮಂದ ಆಗಿತ್ತು, ಆಪರೇಷನ್‌ಗೆ ಮುಂಚೆ ಒಳ್ಳೆ ಕಣ್ಣಿಗೆ ದಿನಾ 2 ಗಂಟೆ ಪ್ಯಾಚ್ ಹಾಕ್ಬೇಕಿತ್ತು. ನೀವು ಅವಳನ್ನ ಮುಂದಿನ ಬೆಂಚಿಗೆ ಕೂರ್ಸಿ ಬೋರ್ಡ್ ಮೇಲೆ ಅಂಗೈ ಅಗಲ ಅಕ್ಷರ ಬರೆದ್ರಿ, ಊಟಕ್ಕೆ ಪಕ್ಕದಲ್ಲೇ ಕೂತ್ರಿ, ಯಾರೂ ಹೇಳಿರ್ಲಿಲ್ಲ ನಿಮಗೆ.

ಆಪರೇಷನ್ನಲ್ಲಿ ಆ ಸ್ನಾಯುನ ಬಿಡಿಸಿ, ತೊಡೆಯಿಂದ ತೆಗೆದ ಪಟ್ಟಿಲಿ ರೆಪ್ಪೆನ ಹಣೆ ಸ್ನಾಯುಗೆ ಕಟ್ಟಿದ್ರು, ಈಗ ಹುಬ್ಬೆತ್ತಿ ಕಣ್ಣು ತೆಗೀತಾಳೆ. ಸಂಕ್ರಾಂತಿ ದಿನ ಜಗಲಿ ಮೇಲೆ ಬೀದಿ ಕಡೆ ಮುಖ ಮಾಡಿ ಕೂತು ಒಂದಿಡೀ ಜಲ್ಲೆ ಕಬ್ಬು ಹಲ್ಲಲ್ಲೇ ಸಿಗಿದು ತಿಂದ್ಳು. ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚಲ್ಲ, ಒಣಗದ ಹಾಗೆ ಮುಲಾಮು ಹಾಕ್ಬೇಕು. ಅದು ದಿನಾ ನಮ್ಮವ್ವಂದೇ ಕೆಲ್ಸ, ನನಗೂ ಬಿಡಲ್ಲ.