ನಮ್ಮ ನರ್ಸಕ್ಕನಿಗೆ, ಜೊತೆಗಿದ್ದ ಎಲ್ಲರಿಗೂ

ಮಗುವಿನ ಎಡಗಣ್ಣಿನಲ್ಲಿ ಈಗ ನೀರು ಕಟ್ಟುವುದಿಲ್ಲ. ಸಪೂರ ಕಡ್ಡಿ ಹಾಕಿ ಕಣ್ಣೀರಿನ ನಾಳ ತೆರೆಯುವ ಪ್ರೋಬಿಂಗ್ ಆದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಮಂಗಳೂರಿಗೆ ಕಾರು ಬಿಟ್ಟ ಭಾವ, ಮಲಯಾಳದ ಕಾಗದಗಳನ್ನು ಓದಿ ಹೇಳಿದ ಟೀಚರು, ದೊಡ್ಡವಳನ್ನು ನೋಡಿಕೊಂಡ ಚಿಕ್ಕಮ್ಮ, ನಿಮಗೆಲ್ಲ ಮನಸಾರೆ ವಂದನೆಗಳು.

ಬದಿಯಡ್ಕದ ನಮ್ಮ ನರ್ಸಕ್ಕನ ಋಣ ಮಾತ್ರ ಒಂದು ಸಾಲಿಗೆ ಮುಗಿಯುವುದಿಲ್ಲ.

ಕಣ್ಣೀರು ಮೂಗಿಗೆ ಇಳಿಯುವ ನಾಳದ ಕೆಳತುದಿಯಲ್ಲಿ ಒಂದು ತೆಳು ಪೊರೆ ಕೆಲವು ಮಕ್ಕಳಿಗೆ ಹುಟ್ಟುವಾಗ ತೆರೆದಿರುವುದಿಲ್ಲ, ಹೆಚ್ಚಿನವರಿಗೆ ವರ್ಷದೊಳಗೆ ತಾನಾಗಿ ತೆರೆಯುತ್ತದೆ ಎಂದು ಬಿಡಿಸಿ ಹೇಳಿದವರು ಅವರು. 1923ರಲ್ಲಿ ಕ್ರಿಗ್ಲರ್ ಎಂಬ ವೈದ್ಯರು ವಿವರಿಸಿದ ಮಸಾಜನ್ನು ಕೈ ಹಿಡಿದು ಕಲಿಸಿದರು. ಉಗುರು ಕತ್ತರಿಸಿ, ಸೋಪು ಹಾಕಿ ಕೈ ತೊಳೆದು, ಕಿರುಬೆರಳನ್ನು ಕಣ್ಣಿನ ಒಳಮೂಲೆಗೂ ಮೂಗಿನ ಎಲುಬಿಗೂ ನಡುವೆ ಇಟ್ಟು ಒತ್ತಬೇಕು. ಒತ್ತಿದ್ದನ್ನು ಸಡಿಲಿಸದೆ ಮೂಗಿನ ಬದಿಯಲ್ಲೇ ಕೆಳಕ್ಕೆ ತರಬೇಕು. ಸಲಕ್ಕೆ ಐದರಿಂದ ಹತ್ತು, ದಿನಕ್ಕೆ ಮೂರ್ನಾಲ್ಕು ಸಲ. ಬರೇ ಚರ್ಮ ಸವರಿದರೆ ಏನೂ ಆಗದು, ಆ ಮೂಲೆಯ ಕಣ್ಣೀರಿನ ಚೀಲದೊಳಗಿನ ನೀರೇ ಒತ್ತಿ ಪೊರೆಯನ್ನು ಬಿಡಿಸಬೇಕು. ಗೀಜು ಬಂದರೆ ಕುದಿಸಿ ಆರಿಸಿದ ನೀರಿನ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಒರೆಸಿ ಆ ಹತ್ತಿಯನ್ನು ಎಸೆಯುವುದು. ಕಾಡಿಗೆ, ಎಣ್ಣೆ, ಎದೆಹಾಲು ಯಾವುದೂ ಕಣ್ಣಿಗೆ ಬೇಡವೆಂದು ಅಜ್ಜಿಗೂ ನಯವಾಗಿ ಒಪ್ಪಿಸಿದರು. ಆಂಟಿಬಯಾಟಿಕ್ ಡ್ರಾಪ್ಸ್ ಸೋಂಕಿಗಷ್ಟೆ, ಅದರಿಂದ ನಾಳ ತೆರೆಯದು.

ಕಣ್ಣಿನ ಮೂಲೆ ಕೆಂಪಾಗಿ ಬಾತು ಜ್ವರ ಏರಿದ ರಾತ್ರಿ, "ಈಗ ಒತ್ತಲೇಬಾರದು" ಎಂದು ಕೈ ತಡೆದವರೂ ಅವರೇ. ಸೋಂಕು ತಗಲಿದ ಚೀಲವನ್ನು ಒತ್ತಿದರೆ ಅದು ಸುತ್ತಲೂ ಹರಡಬಹುದು. ಎಳೆಮಗುವಿಗೆ ಹಾಗಾದಾಗ ಬೆಳಗಿನ ತನಕ ಕಾಯುವಂತಿಲ್ಲ ಎಂದು ಆಗಲೇ ಹೊರಡಿಸಿ, ತಾವೂ ಬಂದು, ಡ್ರಿಪ್ಪಿನ ಪಕ್ಕದಲ್ಲಿ ರಾತ್ರಿಯಿಡೀ ಕೂತರು. ಅಕ್ಕಾ, ಆ ರಾತ್ರಿ ನಮಗೆ ಅಳುವುದಕ್ಕೂ ಹೆದರಿಕೆಯಾಗಿತ್ತು. ನೀವಿಲ್ಲದಿದ್ದರೆ ಎಂದು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಎಳೆಮಕ್ಕಳಿರುವ ಮನೆಯವರಿಗೆ ಅಕ್ಕ ಯಾವಾಗಲೂ ಹೇಳುವುದನ್ನು ಇಲ್ಲೂ ಬರೆಯುತ್ತೇವೆ. ವರ್ಷ ತುಂಬಿದರೂ ನೀರು ನಿಲ್ಲದಿದ್ದರೆ, ಪ್ರೋಬಿಂಗ್ ಬಗ್ಗೆ ಕಣ್ಣಿನ ಡಾಕ್ಟರಲ್ಲಿ ಕೇಳಿ. ನೀರಿನ ಜೊತೆ ಮಗು ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ಕಣ್ಣಿನ ಕಪ್ಪುಭಾಗ ದೊಡ್ಡದಾಗಿ ಅಥವಾ ಮಬ್ಬಾಗಿ ಕಂಡರೆ, ಅದು ಹುಟ್ಟು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ, ಇರಬಹುದು. ಮಸಾಜು ಮಾಡುತ್ತ ಕೂರದೆ ಅಂದೇ ತೋರಿಸಿ.