ಸಾಹಿಬ್ ಸಿಂಗರ ಊರಿನವರು ನೆನೆಯಬೇಕಾದದ್ದು

ಮಾನ್ಯ ಸಂಪಾದಕರೇ,

ಪರಊರಿನ ನೆಂಟರನ್ನು ಬೀದರಿನ ಸಿಖ್ ಗುರುದ್ವಾರವಾದ ನಾನಕ ಝೀರಾಕ್ಕೆ ಕರೆದೊಯ್ಯುವಾಗ ನಾವು ಎರಡು ಮಾತುಗಳನ್ನು ತಪ್ಪದೆ ಹೇಳುತ್ತೇವೆ: ಗುರುನಾನಕರು ಬಂದಾಗ ಇಲ್ಲಿ ಸಿಹಿನೀರಿನ ಸೆಲೆ ಚಿಮ್ಮಿತೆಂಬ ಐತಿಹ್ಯ ಒಂದು, ಗುರುವಿಗೆ ತಲೆ ಕೊಡಲು ಮುಂದಾದ ‘ಐವರು ಪ್ರಿಯರು’, ಅಂದರೆ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ನಮ್ಮೂರಿನವರೆಂಬುದು ಇನ್ನೊಂದು. ಹೆಮ್ಮೆಯಿಂದಲೇ ಹೇಳುತ್ತೇವೆ, ಆದರೆ ಇಂಥ ಹೆಮ್ಮೆಯನ್ನೇ ಕರಗಿಸಲು ಹೊರಟ ಧರ್ಮದ ತಿರುಳು ನಮ್ಮ ಮಾತಿನಲ್ಲಿ ಬರುವುದೇ ಇಲ್ಲ.

1699ರ ಬೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಸಿಖ್ಖರ ಹತ್ತನೆಯ ಗುರು ಗೋವಿಂದ ಸಿಂಗರು ಕತ್ತಿ ಹಿರಿದು ತಲೆ ಕೇಳಿದಾಗ ಎದ್ದುನಿಂತ ಐವರಲ್ಲಿ ಲಾಹೋರಿನ ಖತ್ರಿ ಜಾತಿಯವರೂ ಇದ್ದರು, ಬೀದರಿನ ಕ್ಷೌರಿಕ ಮನೆತನದ ಸಾಹಿಬರೂ ಇದ್ದರು ಎಂದು ಸಿಖ್ ಪರಂಪರೆ ಹೇಳುತ್ತದೆ. ನನಗೆ ಬೆರಗೆನಿಸುವುದು ಆಮೇಲಿನ ಸಂಗತಿ. ಐವರಿಗೂ ಅಮೃತದೀಕ್ಷೆ ಕೊಟ್ಟ ಗುರುವೇ ಅವರೆದುರು ಕೈಮುಗಿದು ನಿಂತು, ತಮಗೂ ಕೊಡಿರೆಂದು ಬೇಡಿ, ಅವರ ಕೈಯಿಂದಲೇ ದೀಕ್ಷೆ ಪಡೆದರು. ಪೀಠದಲ್ಲಿದ್ದವರು ತಮ್ಮ ಶಿಷ್ಯರಿಗೇ ಶಿಷ್ಯರಾಗುವುದು ಮಠಮಾನ್ಯಗಳ ಈ ನಾಡಿನಲ್ಲಿ ದಿನಬೆಳಗಾದರೆ ಕಾಣುವ ನೋಟವೇನಲ್ಲ.

‘ಹೌಮೈ’ ಎಂದು ಸಿಖ್ಖರು ಕರೆಯುವ ‘ನಾನು, ನನ್ನದು’ ಎಂಬ ಭಾವವನ್ನು ಅವರ ಎರಡನೆಯ ಗುರು ಅಂಗದರು ದೀರ್ಘ ರೋಗವೆಂದು ಕರೆದರು. ಮದ್ದೂ ಅದರೊಳಗೇ ಇದೆ ಎಂದರು. ಅದಕ್ಕಾಗಿ ಮನೆಮಾರು ತೊರೆಯಬೇಕಿಲ್ಲ. ನಾಮಸ್ಮರಣೆ ಮಾಡುತ್ತ, ದುಡಿದದ್ದನ್ನು ಹಂಚಿ ಉಣ್ಣುತ್ತ, ದೇವರ ಹುಕುಮಿಗೆ ತಲೆಬಾಗಿ ಬದುಕಿದರೆ ಸಾಕು. ಗುರುದ್ವಾರದ ಬಾಗಿಲಲ್ಲಿ ಯಾರದೋ ಧೂಳುಹಿಡಿದ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಒರೆಸಿಡುವವರು, ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ಲಂಗರಿನಲ್ಲಿ ಸಾಲಾಗಿ ನೆಲದ ಮೇಲೆ ಕುಳಿತು ಎರಡೂ ಅಂಗೈ ಚಾಚಿ ರೊಟ್ಟಿ ಪಡೆಯುವವರು ಮಾಡುತ್ತಿರುವುದು ಈ ಮದ್ದಿನ ಅಭ್ಯಾಸವನ್ನೇ. ಸೇವೆಯೂ ಅಹಂಕಾರಕ್ಕೆ ಮೇವಾಗಬಲ್ಲದೆಂಬ ಎಚ್ಚರ ಅಲ್ಲಿದೆ. (ದಾನಿಗಳ ಹೆಸರು ಕೊರೆದ ಕಲ್ಲುಗಳು ಗುರುದ್ವಾರಗಳಲ್ಲೂ ಕಾಣುತ್ತವೆ ಎಂಬುದು ಬೇರೆ ಮಾತು.) ನಮ್ಮಲ್ಲಿ ಆಸ್ಪತ್ರೆಗೆ ಹೋಗಿ ಬಾಳೆಹಣ್ಣು ಹಂಚುವ ಮುಖಂಡರ ಕಣ್ಣು ರೋಗಿಯ ಮೇಲಿರುವುದಕ್ಕಿಂತ ಕ್ಯಾಮೆರಾದ ಮೇಲೆಯೇ ಹೆಚ್ಚು.

ಆದ್ದರಿಂದ, ಶಾಲಾ ಮಕ್ಕಳನ್ನು ಪ್ರವಾಸವೆಂದು ಝೀರಾಕ್ಕೆ ಕರೆತರುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಸೆಲೆ ತೋರಿಸಿ, ಫೋಟೊ ತೆಗೆಸಿ ಬಸ್ಸು ಹತ್ತಿಸುವ ಬದಲು, ಅಲ್ಲಿನ ಆಡಳಿತದವರ ಒಪ್ಪಿಗೆ ಪಡೆದು, ಮಕ್ಕಳನ್ನು ಒಂದು ಗಂಟೆಯಾದರೂ ಲಂಗರಿನ ತಟ್ಟೆ ತೊಳೆಯಲು ಹಚ್ಚಲಿ. ಜೊತೆಗೆ ತಾವೂ ತೋಳು ಮಡಚಲಿ.

– ನಿವೃತ್ತ ಶಿಕ್ಷಕ, ಬೀದರ್