ಮಡ್ಡಿ ಖಾಲಿ ಇಲ್ಲ, ದೋಸ್ತ

ಪ್ರಿಯ ದೋಸ್ತ,

ದಾಂಡೇಲಿಗೆ ಹೋಗಿ ಮಂಗಟ್ಟೆ ಹಕ್ಕಿ ನೋಡಿ ಬಂದೆಯಂತೆ. ಫೋಟೋಗಳು ಚೆನ್ನಾಗಿವೆ. ಆದರೆ ಕೊನೆಗೆ ಒಂದು ಸಾಲು ಬರೆದೆಯಲ್ಲ, ‘ನಮ್ಮೂರಾಗ ಏನೈತಿ, ಬರೇ ಧೂಳು’ ಅಂತ, ಅದಕ್ಕೆ ಉತ್ತರ ಕೊಡದೆ ಬಿಡಲ್ಲ.

ವಿಜಯಪುರದ ಸುತ್ತ ದಟ್ಟ ಕಾಡಿಲ್ಲ, ನಿಜ. ಕಾಡಿನ ಹಕ್ಕಿಯನ್ನು ಇಲ್ಲಿ ಹುಡುಕಲೂಬಾರದು. ಇಲ್ಲಿರೋದು ಬಯಲಿನ ಹಕ್ಕಿಗಳು. ಅವಕ್ಕೆ ಮರ ಬೇಕಿಲ್ಲ. ಕಲ್ಲು, ಒಣ ಹುಲ್ಲು, ಎರೆ ಹೊಲ, ಕಣ್ಣು ಹಾಯುವಷ್ಟು ಬಯಲು ಇದ್ದರೆ ಆಯಿತು.

ವಾರದ ದಿನಗಳಲ್ಲಿ ಗೋಳಗುಮ್ಮಟದ ತೋಟದಲ್ಲಿ ನನ್ನ ವಾಕಿಂಗ್. ಅಲ್ಲಿ ಗಿಳಿ, ಗೊರವಂಕ, ಪಾರಿವಾಳ, ನಿನಗೂ ಗೊತ್ತಿರೋವೇ. ಭಾನುವಾರ ಮಾತ್ರ ಗಾಡಿ ತಗೊಂಡು ತಿಕೋಟಾ ಕಡೆ ಹೊರಡುತ್ತೇನೆ. ಊರು ದಾಟಿದರೆ ದ್ರಾಕ್ಷಿ ತೋಟ, ಜೋಳದ ಹೊಲ, ನಡುನಡುವೆ ಯಾರೂ ಉಳದೆ ಬಿಟ್ಟ ಕಲ್ಲು ನೆಲ, ಅಂದರೆ ಮಡ್ಡಿ. ನಾನು ಹೋಗೋದು ಆ ಮಡ್ಡಿಗೇ.

ಅಲ್ಲೊಂದು ಸಣ್ಣ ಹೊಂಡ ಇದೆ. ಬಿಸಿಲೇರಿದ ಮೇಲೆ ಸ್ಯಾಂಡ್‌ಗ್ರೌಸ್ ಹಿಂಡು ಅಲ್ಲಿಗೆ ನೀರಿಗೆ ಬರುತ್ತದೆ. ಪಾರಿವಾಳದಷ್ಟು ಗಾತ್ರ, ಮಣ್ಣಿನ ಬಣ್ಣ, ಚೂಪು ಬಾಲ. ನೆಲಕ್ಕೆ ಕೂತರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣಲ್ಲ. ಮೊದಲು ಬಾಯಲ್ಲಿ ನೀರು ಮುಕ್ಕಳಿಸಿದಂಥ ಸದ್ದು ಕೇಳುತ್ತದೆ. ಆಮೇಲೆ ಮೇಲೆ ಒಂದೆರಡು ಸುತ್ತು ಹಾಕಿ ಇಳಿದು, ಹೊಂಡಕ್ಕೆ ನಡೆದುಕೊಂಡೇ ಬರುತ್ತವೆ. ಗಟಗಟ ಕುಡಿದು ಹಾರಿಬಿಡುತ್ತವೆ. ಈ ಬೇಸಿಗೆಯಲ್ಲಿ ಒಂದು ಗಂಡು ಮಾತ್ರ ಹಿಂದೆ ಉಳಿಯಿತು. ನೀರಿಗೆ ಇಳಿದು, ರೆಕ್ಕೆ ಸ್ವಲ್ಪ ಎತ್ತಿ, ಹೊಟ್ಟೆ ಅದ್ದಿ ಮೈ ಕುಲುಕುತ್ತಲೇ ಇತ್ತು. ಸ್ನಾನ ಅಲ್ಲ ಅದು. ಅದರ ಹೊಟ್ಟೆಯ ಗರಿಗಳಲ್ಲಿ ಸುರುಳಿ ಸುರುಳಿ ಎಳೆಗಳಿರುತ್ತವೆ, ಅವು ನೀರು ಹಿಡಿದಿಟ್ಟುಕೊಳ್ಳುತ್ತವೆ. ಮರಿಗಳು ಮಡ್ಡಿಯಲ್ಲಿ ಬರೀ ನೆಲದ ಮೇಲೆ ಇರುತ್ತವೆ, ಹಾರಲು ಬರಲ್ಲ. ಅಪ್ಪ ಹೋಗಿ ನಿಂತ ಮೇಲೆ ಆ ಒದ್ದೆ ಗರಿ ಚೀಪಿ ಬಾಯಾರಿಕೆ ತೀರಿಸಿಕೊಳ್ಳುತ್ತವೆ. ನಿನ್ನ ಮಂಗಟ್ಟೆ ದೊಡ್ಡದೇ ಇರಬಹುದು, ಇಂಥದ್ದು ಮಾಡುತ್ತಾ?

ಇನ್ನು ಜೋಳದ ಹೊಲ. ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಗುಲಾಬಿ ಮೈನಾ ಹಿಂಡು ಬಂದು ಇಳಿಯುತ್ತದೆ. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿ. ತಲೆ, ರೆಕ್ಕೆ, ಬಾಲ ಕಪ್ಪು, ಮೈ ಮಾಸಿದ ಗುಲಾಬಿ. ನನಗೆ ಹಬ್ಬ, ಹೊಲದವರಿಗೆ ಕಾಟ. ಮಂಚಿಕೆ ಮೇಲೆ ಕವಣಿ ಹಿಡಿದು ನಿಂತಿದ್ದ ಅಜ್ಜ ನನ್ನ ಬೈನಾಕ್ಯುಲರ್ ನೋಡಿ ಕೂಗಿದರು, ‘ಅಲ್ಲೇ ನಿಂತು ಏನ್ ನೋಡ್ತೀಯೋ ತಮ್ಮಾ, ಇಲ್ಲಿ ಬಂದು ನಾಕು ಓಡಿಸು.’ ಹೋಗಿ ಡಬ್ಬಾ ಬಾರಿಸಿದೆ. ಇದೇ ಹಕ್ಕಿ ಮರಿ ಮಾಡುವ ಕಾಲದಲ್ಲಿ ರಾಶಿ ರಾಶಿ ಮಿಡತೆ ತಿಂದು ಅಲ್ಲಿನ ರೈತರಿಗೆ ಉಪಕಾರ ಮಾಡುತ್ತದೆ ಅಂತಾನೂ ಹೇಳಿದೆ. ‘ಹಂಗಾದ್ರ ಅಲ್ಲೇ ಇರ್ಲಿ ಬಿಡು’ ಅಂದರು.

ಅದೇ ಹೊಲಗಳ ಮೇಲೆ ಸೆಳೆವ ಕೂಡ ಸಿಗುತ್ತದೆ. ಕಝಾಕಸ್ತಾನದ ಹುಲ್ಲುಗಾವಲಿನಿಂದ ಬರುವ ಬೇಟೆಹಕ್ಕಿ. ತೆನೆಗೆ ತಾಗುವ ಹಾಗೆ ತೇಲುತ್ತಾ ಹೋಗುತ್ತದೆ. ಇಲ್ಲಿದ್ದಷ್ಟು ದಿನ ಮಿಡತೆ ಹಿಡಿದು ತಿನ್ನುತ್ತದೆ. ಅಜ್ಜನ ತಕರಾರು ಇದರ ಮೇಲೆ ಇರಲಿಲ್ಲ.

ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಮಡ್ಡಿ ಅಂದರೆ ಎಲ್ಲರ ಲೆಕ್ಕದಲ್ಲಿ ಪಾಳು ಭೂಮಿ. ಪ್ಲಾಟ್ ಹಾಕು, ಕಸ ಸುರಿ, ಇಲ್ಲಾ ಗಿಡ ಹಚ್ಚು. ರಸ್ತೆ ಬದಿಗೆ, ಊರೊಳಗೆ ಗಿಡ ಹಚ್ಚಲಿ, ನಾನೂ ಕೈ ಜೋಡಿಸುತ್ತೇನೆ. ಮಡ್ಡಿಯಲ್ಲಿ ಸಾಲಾಗಿ ಗುಂಡಿ ತೋಡಿದರೆ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ಎಲ್ಲಿಗೆ ಹೋಗಬೇಕು? ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಗತಿ ಗೊತ್ತಲ್ಲ. ಗಂಡು 15 ಕಿಲೋವರೆಗೂ ತೂಗುವ ಹಕ್ಕಿ ಅದು. ಸೊಲ್ಲಾಪುರದ ಹತ್ತಿರ ನಾನ್ನಜ್‌ನಲ್ಲಿ 1979ರಲ್ಲೇ ಅದಕ್ಕೆ ಅಭಯಾರಣ್ಯ ಆಯಿತು. ನಮ್ಮ ರಾಜ್ಯದಲ್ಲಿ ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟೇ ಉಳಿದಿವೆ. ಬಯಲೇ ಹೋದರೆ ಅಭಯಾರಣ್ಯ ಅಂತ ಬೋರ್ಡ್ ಹಾಕಿ ಏನು ಮಾಡೋದು?

ನೀರಿನ ವಿಷಯದಲ್ಲಿ ನನಗೇ ಎರಡು ಮನಸ್ಸು. ಕೃಷ್ಣೆಯ ನೀರು ಎತ್ತಿ ಕೆರೆ ತುಂಬಿಸಿದ ಮೇಲೆ ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆಗೂ ಜೀವ ಬಂತು. ಅಲ್ಲೀಗ ನಾಮದ ಕೋಳಿ, ನೀರುಕಾಗೆ ನೋಡಬಹುದು. ಅದೇ ನೀರು ಬಂತೆಂದು ಮಡ್ಡಿ ಒಡೆದು ದ್ರಾಕ್ಷಿ, ಕಬ್ಬು ಹಚ್ಚುತ್ತಾರೆ. ಬರ ಕಂಡ ಊರಿನಲ್ಲಿ ನಿಂತು ನೀರು ಬೇಡ ಅನ್ನೋಕೆ ಆಗುತ್ತಾ? ಅಲ್ಲೊಂದು ಇಲ್ಲೊಂದು ತುಂಡು ಹಾಗೇ ಬಿಡಿ ಅಂತ ಕೇಳುತ್ತಿರುತ್ತೇನೆ. ಸುಮ್ನೆ ನಗುತ್ತಾರೆ.

ಜನವರಿಯಲ್ಲಿ ಬಾ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಇಲ್ಲಿಗೇ. ಸಂಕ್ರಾಂತಿ ಆಸುಪಾಸಿಗೆ ಬಂದರೆ ಹೊಲದಲ್ಲೇ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡಿಸೋಣ. ಆ ದೊಡ್ಡ ಲೆನ್ಸ್ ಬೇಡ, 8×42 ಬೈನಾಕ್ಯುಲರ್ ಸಾಕು. ಬಿಳಿ ಶರ್ಟ್ ಅಂತೂ ತರಲೇಬೇಡ, ಬಯಲಲ್ಲಿ ಫರ್ಲಾಂಗ್ ದೂರದಿಂದಲೇ ಕಂಡು ಎಲ್ಲವೂ ಹಾರಿಬಿಡುತ್ತವೆ.

ನಿನ್ನ ದೋಸ್ತ